ತೆಂಗಿನ ಬುಡದ ಬೂತಾಯಿ, ಹೊಳೆ ಹತ್ತುವ ಸಾಲ್ಮನ್

ಬೂತಾಯಿ ಮೀನು ರಾಶಿ ರಾಶಿ ಸಿಕ್ಕಿ ರೇಟು ಬಿದ್ದಾಗ ನಮ್ಮ ಕಡೆ ಏನು ಮಾಡುತ್ತಿದ್ದರು? ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಮಲ್ಪೆಯಿಂದ ಉಳ್ಳಾಲದವರೆಗೆ ಹಳಬರಿಗೆ ಆ ನಾತ ನೆನಪಿರಬಹುದು. ಸಮುದ್ರದ ಸಾರ ಹಾಗೆ ತೋಟ ಸೇರುತ್ತಿತ್ತು. ಉತ್ತರ ಪೆಸಿಫಿಕ್‌ನ ಹೊಳೆಗಳಿಗೆ ಆ ಸಾರವನ್ನು ಮೀನೇ ಹೊತ್ತು ತರುತ್ತದೆ. (ನಮ್ಮ ಮಾರ್ಕೆಟ್‌ನಲ್ಲಿ ಇಂಡಿಯನ್ ಸಾಲ್ಮನ್ ಅನ್ನುವ ರಾವಸ್ ಬೇರೆಯೇ ಜಾತಿ.)

ಪೆಸಿಫಿಕ್ ಸಾಲ್ಮನ್ ಹುಟ್ಟುವುದು ಸಿಹಿನೀರಲ್ಲಿ, ಮೈ ತುಂಬಿಕೊಳ್ಳುವುದು ಕಡಲಲ್ಲಿ. ಮೈತೂಕದ ಶೇ. 90ಕ್ಕಿಂತ ಜಾಸ್ತಿ ಕಡಲಿನದ್ದೇ. ಕೊನೆಗೆ ಹುಟ್ಟಿದ ಹೊಳೆಗೆ ವಾಪಸ್ ಬಂದು, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ.

ಅಲಾಸ್ಕದ ಕಾರ್ಲುಕ್‌ನಲ್ಲಿ 1882ರಿಂದ ಈ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು ಎದ್ದವು. ಕ್ರಮೇಣ ಮೀನು ಕಮ್ಮಿಯಾಯಿತು. 1926ರಿಂದ 1930ರವರೆಗೆ ಅಲ್ಲಿನ ಸರೋವರದ ನೀರು ಪರೀಕ್ಷಿಸಿದವರಿಗೆ ಹೊಳೆದದ್ದು ಇದು: ಸತ್ತ ಸಾಲ್ಮನ್ ಕೊಳೆತು ನೀರಿಗೆ ರಂಜಕ ಸೇರಿಸುತ್ತದೆ. ಅಂದರೆ ಹಿಡಿದು ಸಾಗಿಸಿದ್ದು ಬರೀ ಮೀನಲ್ಲ, ಗೊಬ್ಬರವೂ ಹೌದು.

ಆದರೆ ಅದು ಮರಿಗಳ ಮೈಗೆ ಹತ್ತುತ್ತದೆ ಅನ್ನುವುದಕ್ಕೆ ಸಾಕ್ಷಿ? ಸಾರಜನಕದಲ್ಲಿ (ನೈಟ್ರೋಜನ್) ಮಾಮೂಲಿಗಿಂತ ಭಾರದ ಪರಮಾಣುಗಳೂ ಇರುತ್ತವೆ; ಸಮುದ್ರದಿಂದ ಬಂದ ಸಾಲ್ಮನ್ ಮೈಯಲ್ಲಿ ಅವುಗಳ ಪಾಲು ತುಸು ಹೆಚ್ಚು. 1990ರ ದಶಕದಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ರಾಬರ್ಟ್ ಬಿಲ್ಬಿ ಮತ್ತು ಸಂಗಡಿಗರು ಕೋಹೊ ಎಂಬ ಜಾತಿಯ ಪೆಸಿಫಿಕ್ ಸಾಲ್ಮನ್ ಮರಿಗಳ ಮಾಂಸದಲ್ಲಿ ಅದೇ ಗುರುತು ಹಿಡಿದರು. ಸತ್ತ ಸಾಲ್ಮನ್‌ಗಳನ್ನು ತಂದು ಹೊಳೆಗೆ ಹಾಕಿಯೂ ನೋಡಿದರು. ಅಲ್ಲಿನ ಮರಿಗಳ ಹೊಟ್ಟೆ ಬಗೆದರೆ ಅರ್ಧಕ್ಕಿಂತ ಜಾಸ್ತಿ ಮೊಟ್ಟೆ, ಮಾಂಸವೇ.

ನನಗೆ ಮಜಾ ಅನ್ನಿಸುವುದು ಮೊಟ್ಟೆಯ ಕತೆ. ಹೆಣ್ಣು ಸಾಲ್ಮನ್ ಪಕ್ಕಕ್ಕೆ ಮಲಗಿ ಬಾಲ ಬಡಿದು ಜಲ್ಲಿಯಲ್ಲಿ ಗುಂಡಿ ತೋಡುತ್ತದೆ. ಆಗ ಹುಳಗಳು ಮೇಲೇಳುತ್ತವೆ. ಮೊದಲು ಬಂದವಳು ಹೂತಿಟ್ಟ ಬಟಾಣಿ ಗಾತ್ರದ ಕೇಸರಿ ಮೊಟ್ಟೆಗಳನ್ನು ಆಮೇಲೆ ಬಂದವಳು ಕೆದಕಿ ಹಾಕುತ್ತಾಳೆ. ಕೆಳಗಡೆ ಕಾದು ನಿಂತ ಮರಿಗಳಿಗೆ ಹಬ್ಬ. ಕೊಬ್ಬು ತುಂಬಿದ ಊಟ, ಅದೂ ಚಳಿಗಾಲಕ್ಕೆ ಮುಂಚೆ! ಕೋಹೊ ಮರಿ ವರ್ಷಕ್ಕೂ ಹೆಚ್ಚು ಹೊಳೆಯಲ್ಲೇ ಇರುತ್ತದೆ. ದಪ್ಪಗಾಗಿ ಕಡಲಿಗಿಳಿದರೆ ಬದುಕುವ ಸಾಧ್ಯತೆಯೂ ಜಾಸ್ತಿ.

ಅಮೆರಿಕದ ವಾಯವ್ಯದ ನದಿಗಳಿಗೆ ಸಾಲ್ಮನ್ ಹಿಂದೆ ತರುತ್ತಿದ್ದ ಸಾರದಲ್ಲಿ ಉಳಿದಿರುವುದು ಶೇ. 6-7 ಮಾತ್ರ ಎಂದು 2000ದಲ್ಲಿ ಅಂದಾಜು ಮಾಡಿದರು. ಹಾಗಾಗಿ ಮರಿ ಉತ್ಪಾದನಾ ಕೇಂದ್ರಗಳ ಸತ್ತ ಮೀನನ್ನು ಹೊಳೆಗೆ ಎಸೆಯುತ್ತಾರೆ. ತಪ್ಪೇನಿಲ್ಲ. ಆದರೆ ಆ ಮೀನಿನ ಮೊಟ್ಟೆಯನ್ನು ಬಹುಪಾಲು ಮೊದಲೇ ಹಿಂಡಿ ತೆಗೆದಿರುತ್ತಾರೆ, ಮತ್ತೆ ಸತ್ತ ಮೀನು ಗುಂಡಿ ತೋಡುವುದಿಲ್ಲ, ಅಲ್ವಾ?