ಓದುಗರ ಪ್ರಶ್ನೆ: ಸ್ಯಾನ್ ಆಂಡ್ರಿಯಾಸ್‌ನ ಬಿಗ್‌ಫುಟ್ ಫೈಲ್ ಒಳಗೆ ಅಡಗಿದೆಯಾ?

ಪ್ರಶ್ನೆ: ಸರ್, ಜಿಟಿಎ ಸ್ಯಾನ್ ಆಂಡ್ರಿಯಾಸ್ ವಿಡಿಯೋ ಗೇಮ್‌ನಲ್ಲಿ ಬಿಗ್‌ಫುಟ್ ಇದೆ, ಕಂಪನಿಯವರು ಅದನ್ನ ಫೈಲ್ ಒಳಗೆ ಬಚ್ಚಿಟ್ಟಿದ್ದಾರೆ ಅಂತಾರೆ. ನಿಜಾನಾ? ಬಳಸದೇ ಇರೋದನ್ನ ಫೈಲ್‌ನಲ್ಲಿ ಯಾಕೆ ಬಿಡ್ತಾರೆ? ಅಳಿಸಿ ಹಾಕಬಹುದಲ್ವಾ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತಲೇ ಇರುತ್ತದೆ. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಆಡಿ ಬೆಳೆದವರೂ ಕೇಳುತ್ತಾರೆ, ಈಗ ಫೋನಿನಲ್ಲಿ ಆಡಲು ಶುರುಮಾಡಿದ ಹುಡುಗರೂ ಕೇಳುತ್ತಾರೆ. ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸಿ.

ಬಿಗ್‌ಫುಟ್, ಅಂದರೆ ಅಮೆರಿಕದ ಕಾಡುಗಳಲ್ಲಿದೆ ಅಂತ ಜನ ಹೇಳುವ ಕೂದಲಿನ ದೈತ್ಯ, ಇಲ್ಲ. ಆಟದಲ್ಲೂ ಇಲ್ಲ, ಫೈಲ್‌ನಲ್ಲೂ ಇಲ್ಲ. ಆದರೆ ಆಟಗಳ ಫೈಲ್‌ನಲ್ಲಿ ಬಳಸದ ವಸ್ತುಗಳು ಉಳಿದಿರುತ್ತವೆ ಎನ್ನುವುದು ಮಾತ್ರ ಖಂಡಿತ ನಿಜ. ಸ್ಯಾನ್ ಆಂಡ್ರಿಯಾಸ್‌ನಲ್ಲೂ ಉಳಿದಿವೆ. ಈ ನಿಜವನ್ನು ಆ ಸುಳ್ಳಿನ ಜೊತೆ ಕಲಸಿಬಿಟ್ಟಿರುವುದರಿಂದಲೇ ಇಷ್ಟು ಗೊಂದಲ.

ಮೊದಲು, ಯಾಕೆ ಅಳಿಸುವುದಿಲ್ಲ ಅಂತ ನೋಡೋಣ. ಮನೆಯಲ್ಲಿ ಒಂದು ನಲ್ಲಿ ಬೇಡ ಅನಿಸಿದರೆ ಪ್ಲಂಬರ್ ಏನು ಮಾಡುತ್ತಾನೆ? ನಲ್ಲಿ ಬಿಚ್ಚಿ ಡಮ್ಮಿ ಹಾಕುತ್ತಾನೆ. ಗೋಡೆ ಒಡೆದು ಪೈಪ್ ಕೀಳುವುದಿಲ್ಲ. ಆಟ ಮಾಡುವವರದ್ದೂ ಅದೇ ಲೆಕ್ಕ. ಒಂದು ಪಾತ್ರದ ಮಾಡೆಲ್ (ಅದರ 3ಡಿ ಆಕಾರ), ಅದರ ಬಟ್ಟೆಯ ಟೆಕ್ಸ್ಚರ್ (ಮೇಲೆ ಹೊದಿಸುವ ಚಿತ್ರ), ಅದನ್ನು ಓಡಾಡಿಸುವ ಅನಿಮೇಷನ್, ಅದನ್ನು ಕರೆಯುವ ಸ್ಕ್ರಿಪ್ಟ್ (ಆಟಕ್ಕೆ ಕೊಡುವ ಸೂಚನೆಗಳು), ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಡುಗಡೆಗೆ ಕೆಲವೇ ವಾರ ಇರುವಾಗ ಒಂದು ಫೈಲ್ ಕಿತ್ತರೆ, ಎಲ್ಲೋ ಒಂದು ಕಡೆ ಅದನ್ನು ಕರೆಯುತ್ತಿರುವ ಸ್ಕ್ರಿಪ್ಟ್‌ಗೆ ಅದು ಸಿಗದೆ ಆಟವೇ ಕ್ರ್ಯಾಶ್ ಆಗಬಹುದು. ಆಮೇಲೆ ಪರೀಕ್ಷೆಯೆಲ್ಲ ಮೊದಲಿನಿಂದ ಮಾಡಬೇಕು. ಅದಕ್ಕಿಂತ ಅಲ್ಲಿಗೆ ಹೋಗುವ ದಾರಿ ಮುಚ್ಚುವುದು ಸುಲಭ, ಅಪಾಯವೂ ಕಮ್ಮಿ. ಇದು ಸೋಮಾರಿತನ ಅಲ್ಲ. ಗಡುವು ತಲೆ ಮೇಲಿರುವಾಗ ತಿಳಿದವರು ಮಾಡುವ ಕೆಲಸವೇ ಇದು.

ಸ್ಯಾನ್ ಆಂಡ್ರಿಯಾಸ್‌ನಲ್ಲೇ ಇದರ ದೊಡ್ಡ ಉದಾಹರಣೆ ಇದೆ. ಆಟದ ನಾಯಕ ಸಿಜೆಯನ್ನು ಗೆಳತಿ ಕಾಫಿಗೆ ಅಂತ ಮನೆಯೊಳಗೆ ಕರೆಯುತ್ತಾಳೆ, ಕ್ಯಾಮೆರಾ ಹೊರಗೇ ನಿಲ್ಲುತ್ತದೆ, ನೆನಪಿದೆಯಲ್ವಾ? ಒಳಗೆ ನಡೆಯುವುದನ್ನೂ ಒಂದು ವಯಸ್ಕರ ಮಿನಿ ಗೇಮ್ ಆಗಿ ಮಾಡಿದ್ದರು. ಬಿಡುಗಡೆಗೆ ಮುಂಚೆ ಅದನ್ನು ಕೈಬಿಟ್ಟರು, ಆದರೆ ಅಳಿಸಲಿಲ್ಲ. ದಾರಿ ಮುಚ್ಚಿದರು ಅಷ್ಟೇ. ಆಟ ಪಿಎಸ್2ಗೆ (ಪ್ಲೇಸ್ಟೇಷನ್ 2) ಬಂದದ್ದು 2004ರ ಅಕ್ಟೋಬರ್‌ನಲ್ಲಿ, ಪಿಸಿಗೆ ಬಂದದ್ದು 2005ರ ಜೂನ್‌ನಲ್ಲಿ. ಅದೇ ಜೂನ್‌ನಲ್ಲಿ ಪ್ಯಾಟ್ರಿಕ್ ವಿಲ್ಡನ್‌ಬೋರ್ಗ್ ಎಂಬ ಡಚ್ ಮಾಡರ್ ಆ ಮುಚ್ಚಿದ ದಾರಿ ತೆರೆಯುವ 'ಹಾಟ್ ಕಾಫಿ' ಮಾಡ್ ಬಿಟ್ಟರು (ಮಾಡ್ ಅಂದರೆ ಅಭಿಮಾನಿಗಳು ಆಟಕ್ಕೆ ಮಾಡುವ ಬದಲಾವಣೆ). ಇದು ಹ್ಯಾಕರ್‌ಗಳ ಕೆಲಸ ಅಂತ ಆಟದ ಕಂಪನಿ ರಾಕ್‌ಸ್ಟಾರ್ ಮೊದಲು ಹೇಳಿತು. ಆದರೆ ಚೀಟ್ ಸಾಧನ ಹಾಕಿ ನೋಡಿದಾಗ ಪಿಎಸ್2 ಡಿಸ್ಕ್‌ನಲ್ಲೂ ಅದೇ ದೃಶ್ಯ ಸಿಕ್ಕಿತು. ಡಿಸ್ಕ್‌ನಲ್ಲಿ ಇಲ್ಲದ್ದನ್ನು ಚೀಟ್ ಕೋಡ್ ಸೃಷ್ಟಿಸಲಾರದು. ಜುಲೈನಲ್ಲಿ ಆಟಗಳಿಗೆ ವಯಸ್ಸಿನ ರೇಟಿಂಗ್ ಕೊಡುವ ಅಮೆರಿಕದ ಸಂಸ್ಥೆ ಇಎಸ್‌ಆರ್‌ಬಿ ಈ ಆಟದ ರೇಟಿಂಗನ್ನು ವಯಸ್ಕರಿಗೆ ಮಾತ್ರ ಅಂತ ಬದಲಿಸಿತು. ಅಂಗಡಿಗಳು ಆಟವನ್ನು ಕಪಾಟಿನಿಂದ ತೆಗೆದವು. ರಾಕ್‌ಸ್ಟಾರ್ ಆ ಭಾಗ ತೆಗೆದು ಹೊಸ ಆವೃತ್ತಿ ತರಬೇಕಾಯಿತು.

ಇಷ್ಟಾದ ಮೇಲೂ 2021ರಲ್ಲಿ ಹಳೆಯ ಮೂರು ಜಿಟಿಎಗಳ ಹೊಸ ಪಿಸಿ ಆವೃತ್ತಿ ಬಂದಾಗ, ಬೇಡದ ಫೈಲ್‌ಗಳು ಒಳಗೆ ಸೇರಿಹೋಗಿವೆ ಅಂತ ಅದನ್ನು ಕೆಲ ದಿನ ಮಾರಾಟದಿಂದ ತೆಗೆಯಬೇಕಾಯಿತು. ಇಂಥ ಕಂಪನಿಗೂ ಫೈಲ್ ಸ್ವಚ್ಛ ಮಾಡುವುದು ಅಷ್ಟು ಸುಲಭ ಅಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ಈಗ ಬಿಗ್‌ಫುಟ್. 'ಹಾಟ್ ಕಾಫಿ ಬಚ್ಚಿಟ್ಟವರು ಬಿಗ್‌ಫುಟ್ ಬಚ್ಚಿಡಲ್ವಾ?' ಅಂತ ಎಲ್ಲರೂ ಕೇಳುತ್ತಾರೆ. ಸ್ವಲ್ಪ ಯೋಚನೆ ಮಾಡಿ. ಹಾಟ್ ಕಾಫಿ ಸಿಕ್ಕಿದ್ದೇ ಜನ ಫೈಲ್ ಬಿಚ್ಚಿ ನೋಡಿದ್ದರಿಂದ. ಅದೇ ಫೈಲ್‌ಗಳನ್ನು ಅದೇ ಜನ ಅಂದಿನಿಂದ ಇಂದಿನವರೆಗೂ ಬಿಚ್ಚುತ್ತಲೇ ಇದ್ದಾರೆ. ಮುಚ್ಚಿದ್ದ ಒಂದು ಮಿನಿ ಗೇಮ್ ಆಟ ಪಿಸಿಗೆ ಬಂದ ತಿಂಗಳಲ್ಲೇ ಹೊರಗೆ ಬಂತು. ಕಾಡಿನಲ್ಲಿ ಓಡಾಡುವ ಒಂದು ಇಡೀ ಪ್ರಾಣಿ ಇಪ್ಪತ್ತು ವರ್ಷವಾದರೂ ಸಿಗುವುದಿಲ್ಲ ಅಂದರೆ ಹೇಗೆ ನಂಬುವುದು?

ನನ್ನ ಮಾತು ನಂಬಬೇಡಿ, ನೀವೇ ನೋಡಿ. ಪಿಸಿ ಆವೃತ್ತಿಯ ಫೋಲ್ಡರ್ ತೆರೆಯಿರಿ. ಒಳಗೆ ಡೇಟಾ ಎಂಬ ಫೋಲ್ಡರ್ ಇದೆ, ಅದರಲ್ಲಿ ಪೆಡ್ಸ್ ಡಾಟ್ ಐಡಿಇ ಎಂಬ ಫೈಲ್. ಅದು ಬರೀ ಟೆಕ್ಸ್ಟ್, ನೋಟ್‌ಪ್ಯಾಡ್ ಸಾಕು. ರಸ್ತೆಯಲ್ಲಿ ಓಡಾಡುವ ಪ್ರತಿಯೊಬ್ಬರಿಗೂ ಅಲ್ಲಿ ಒಂದು ಸಾಲು. ಶುರುವಿಗೆ ನಂಬರ್, ಆಮೇಲೆ ಮಾಡೆಲ್ ಹೆಸರು, ಟೆಕ್ಸ್ಚರ್ ಹೆಸರು, ಯಾವ ಗುಂಪಿಗೆ ಸೇರಿದವರು, ಹೇಗೆ ನಡೆಯುತ್ತಾರೆ, ಎಲ್ಲ ಕಾಮಾ ಹಾಕಿ ಬರೆದಿದೆ. ಪೊಲೀಸ್, ರೈತ, ಬೀಚ್‌ನಲ್ಲಿ ಓಡುವವರು, ಎಲ್ಲರೂ ಸಿಗುತ್ತಾರೆ. ಬಿಗ್‌ಫುಟ್ ಸಿಗುವುದಿಲ್ಲ.

'ಅದು ಸ್ಪೆಷಲ್ ಪಾತ್ರ ಸರ್, ಈ ಪಟ್ಟಿಯಲ್ಲಿ ಇರಲ್ಲ' ಅನ್ನುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಸ್ವೀಟ್, ರೈಡರ್, ಬಿಗ್ ಸ್ಮೋಕ್ ಥರದ ಕಥೆಯ ಪಾತ್ರಗಳು ಬೇಕಾದಾಗ ಹೆಸರು ಹಿಡಿದು ಲೋಡ್ ಆಗುತ್ತವೆ. ಆದರೆ ಅವುಗಳ ಮಾಡೆಲ್ ಎಲ್ಲೋ ಇರಲೇಬೇಕಲ್ಲ? ಇದೆ. ಮಾಡೆಲ್ಸ್ ಫೋಲ್ಡರ್‌ನ ಜಿಟಿಎ3 ಡಾಟ್ ಐಎಂಜಿ ಎಂಬ ದೊಡ್ಡ ಫೈಲ್ ಒಳಗೆ. ಇಂಥ ಫೈಲ್ ಬಿಚ್ಚುವ ಯಾವುದಾದರೂ ಐಎಂಜಿ ಟೂಲ್‌ನಲ್ಲಿ ಅದನ್ನು ತೆರೆದರೆ ಒಳಗಿರುವ ಫೈಲ್‌ಗಳ ಹೆಸರು ಸಾಲಾಗಿ ಕಾಣುತ್ತವೆ. ಸ್ವೀಟ್ ಅಲ್ಲಿದ್ದಾನೆ, ಸ್ಮೋಕ್ ಇದ್ದಾನೆ, ಟ್ರೂತ್ ಇದ್ದಾನೆ. ಹೆಸರು ಬದಲಿಸಿ ಇಟ್ಟಿರಬಹುದು ಅನ್ನುವ ಅನುಮಾನ ಇದ್ದರೆ ಒಂದೊಂದನ್ನೇ ಮಾಡೆಲ್ ವ್ಯೂವರ್‌ನಲ್ಲಿ ತಿರುಗಿಸಿ ನೋಡಬಹುದು. ಜನ ನೋಡಿದ್ದಾರೆ. ಕೂದಲಿನ ದೈತ್ಯ ಯಾವ ಹೆಸರಿನಲ್ಲೂ ಇಲ್ಲ. ಆಟವನ್ನು ಓಡಿಸುವ ಮುಖ್ಯ ಎಕ್ಸಿಕ್ಯೂಟಬಲ್ ಫೈಲನ್ನೇ ಸಾಲು ಸಾಲಾಗಿ ಬಿಡಿಸಿ ಓದುವ ಅಭಿಮಾನಿಗಳೂ ಇದ್ದಾರೆ. ಅಲ್ಲೂ ಅದರ ಸುಳಿವಿಲ್ಲ.

'ಹಾಗಾದರೆ ನಮ್ಮ ಅಣ್ಣ ನೋಡಿದ್ದು ಏನು?' ಬಹುಪಾಲು ಮಾಡ್. ಯಾರೋ ಬಿಗ್‌ಫುಟ್ ಮಾಡೆಲ್ ಮಾಡಿ ಸೇರಿಸಿದರು, ವಿಡಿಯೋ ಹಾಕಿದರು. ನಮ್ಮಲ್ಲಿ ಕೈಯಿಂದ ಕೈಗೆ ಓಡಾಡಿದ ಡಿಸ್ಕ್‌ಗಳಲ್ಲಿ ಮಾಡ್ ಮೊದಲೇ ತುಂಬಿರುತ್ತಿದ್ದವು. ಆಡುವವರಿಗೆ ಅದು ಮೂಲ ಆಟವೋ ಅಲ್ಲವೋ ತಿಳಿಯುತ್ತಿರಲಿಲ್ಲ. ಉಳಿದದ್ದು ಮಂಜು. ಆಟದ ಬ್ಯಾಕ್ ಓ ಬಿಯಾಂಡ್ ಎಂಬ ಕಾಡಿನಲ್ಲಿ ರಾತ್ರಿ ಮಂಜು ಬಿದ್ದಾಗ ದೂರದ ಮರದ ಬುಡವೂ ಮನುಷ್ಯನ ಹಾಗೆ ಕಾಣುತ್ತದೆ. ಅದೇ ಕಾಡಿನ 'ದೆವ್ವದ ಕಾರು' ಕೇಳಿದ್ದೀರಲ್ಲ? ಜಜ್ಜಿಹೋದ ಗ್ಲೆಂಡೇಲ್ ಕಾರೊಂದು ಡ್ರೈವರ್ ಇಲ್ಲದೆ ಉರುಳಿ ಬರುತ್ತದೆ. ಆ ಕಾರು ನಿಜವಾಗಿಯೂ ಇದೆ. ಅದು ಇಳಿಜಾರಿನಲ್ಲಿ ಹುಟ್ಟಿಕೊಳ್ಳುತ್ತದೆ, ಬ್ರೇಕ್ ಹಾಕಿರುವುದಿಲ್ಲ, ಉರುಳುತ್ತದೆ. ಅಷ್ಟೇ.

ರಾಕ್‌ಸ್ಟಾರ್‌ಗೂ ಈ ಗಾಳಿಸುದ್ದಿ ಚೆನ್ನಾಗಿ ಗೊತ್ತು. 2013ರ ಜಿಟಿಎ 5ರಲ್ಲಿ ನೂರಕ್ಕೆ ನೂರು ಮುಗಿಸಿದವರಿಗೆ ಬಿಗ್‌ಫುಟ್ ಬೇಟೆಯ ಒಂದು ಮಿಷನ್ ಇಟ್ಟರು. ಕೊನೆಗೆ ಸಿಗುವುದು ವೇಷ ಹಾಕಿದ ಮನುಷ್ಯ. ಅದನ್ನು ಸ್ಯಾನ್ ಆಂಡ್ರಿಯಾಸ್‌ಗೆ ಸಾಕ್ಷಿ ಅಂತ ತರಬೇಡಿ, ದಯವಿಟ್ಟು.

ಇಲ್ಲಿಗೆ ಬಂದ ಮೇಲೆ ಕೆಲವರು ಮಾರಿಯೋನ ತಮ್ಮ ಲೂಯಿಜಿಯನ್ನು ಎಳೆದು ತರುತ್ತಾರೆ. 1996ರ ಸೂಪರ್ ಮಾರಿಯೋ 64ರಲ್ಲಿ ಲೂಯಿಜಿ ಇಲ್ಲ. ಕೋಟೆಯ ಹಿಂದಿನ ಅಂಗಳದ ಮಸುಕು ಫಲಕವೊಂದರಲ್ಲಿ ಅವನ ಸುಳಿವಿದೆ ಅಂತ ಜನ ವರ್ಷಗಟ್ಟಲೆ ಹುಡುಕಿದರು. 2020ರ ಜುಲೈನಲ್ಲಿ ನಿಂಟೆಂಡೊದ ಒಳಗಿನ ಫೈಲ್‌ಗಳು ಸೋರಿಕೆಯಾದಾಗ ಲೂಯಿಜಿಯ ಮಾಡೆಲ್ ಸಿಕ್ಕಿಯೇಬಿಟ್ಟಿತು. 'ನೋಡಿದ್ರಾ, ನಂಬಿದವರೇ ಗೆದ್ದರು!' ಇಲ್ಲ. ಅದು ಸಿಕ್ಕಿದ್ದು ಕಂಪನಿಯ ಕಂಪ್ಯೂಟರ್‌ಗಳಿಂದ ಬಂದ ಫೈಲ್‌ಗಳಲ್ಲಿ, ನಿಮ್ಮ ಕೈಯಲ್ಲಿದ್ದ ಕಾರ್ಟ್ರಿಜ್‌ನಲ್ಲಿ ಅಲ್ಲ. ಇಂತಿಷ್ಟು ನಾಣ್ಯ ಕೂಡಿಸಿದರೆ ಲೂಯಿಜಿ ಬರುತ್ತಾನೆ ಅಂದವರ ಮಾತು ಆಗಲೂ ಸುಳ್ಳು, ಈಗಲೂ ಸುಳ್ಳು.

ಕಾರ್ಟ್ರಿಜ್‌ನಲ್ಲೇ ಇದ್ದದ್ದು ಬೇಕಾದರೆ ಪೊಕೆಮಾನ್ ಆಟದ ಮ್ಯೂ ಎಂಬ ಜೀವಿ ಇದೆ. ನನಗೆ ತುಂಬ ಇಷ್ಟವಾದ ಕಥೆ ಇದು. ಜಪಾನಿನಲ್ಲಿ 1996ರಲ್ಲಿ ಮೊದಲ ಪೊಕೆಮಾನ್ ಆಟ ಮುಗಿಯುತ್ತಾ ಬಂದಾಗ ಪರೀಕ್ಷೆಗೆ ಬಳಸಿದ ಡೀಬಗ್ ಭಾಗವನ್ನು ತೆಗೆದರು. ಸುಮಾರು 300 ಬೈಟ್ ಜಾಗ ಖಾಲಿಯಾಯಿತು. ಪ್ರೋಗ್ರಾಮರ್ ಶಿಗೆಕಿ ಮೊರಿಮೊಟೊ ಅಷ್ಟೇ ಜಾಗದಲ್ಲಿ ಮ್ಯೂವನ್ನು ತಂದಿಟ್ಟರು. ಆಮೇಲೆ ಆಟದಲ್ಲಿ ಬರುವ ಎಸ್ಎಸ್ ಆ್ಯನ್ ಹಡಗಿನ ಪಕ್ಕದ ಟ್ರಕ್ ತಳ್ಳಿದರೆ ಮ್ಯೂ ಸಿಗುತ್ತದೆ ಅಂತ ಶಾಲೆ ಶಾಲೆಗಳಲ್ಲಿ ಹಬ್ಬಿತು. ಟ್ರಕ್ ಕೆಳಗೆ ಏನೂ ಇಲ್ಲ. ಒಂದು ವಸ್ತು ಫೈಲ್‌ನಲ್ಲಿ ಇರುವುದು ಬೇರೆ, ಆಡುತ್ತಾ ಅದರ ಹತ್ತಿರ ಹೋಗಲು ದಾರಿ ಇರುವುದು ಬೇರೆ. ಮ್ಯೂ ಇದ್ದದ್ದು ನಿಜ, ಟ್ರಕ್ ದಾರಿ ಸುಳ್ಳು.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು, ಯಾಕೆಂದರೆ ಇದರಲ್ಲಿ ನಮ್ಮ ದುಡ್ಡಿದೆ. 2012ರಲ್ಲಿ ಕ್ಯಾಪ್‌ಕಾಮ್ ಕಂಪನಿಯ ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕನ್ ಎಂಬ ಹೊಡೆದಾಟದ ಆಟ ಬಂತು. ಫೈಲ್ ಬಿಚ್ಚಿ ನೋಡಿದವರಿಗೆ ಡಿಸ್ಕ್‌ನಲ್ಲೇ 12 ಪಾತ್ರಗಳು ಬೀಗ ಹಾಕಿಕೊಂಡು ಕೂತಿದ್ದು ಕಂಡಿತು. ಅವನ್ನು ಮುಂದೆ ಡಿಎಲ್‌ಸಿ, ಅಂದರೆ ಆಮೇಲೆ ಡೌನ್‌ಲೋಡ್ ಮಾಡಿಕೊಳ್ಳುವ ಹೆಚ್ಚುವರಿ ಭಾಗ, ಅಂತ ಬೇರೆ ದುಡ್ಡಿಗೆ ಮಾರಿದರು. ಇದನ್ನೂ 'ಉಳಿದುಹೋದ ವಸ್ತು' ಅಂತ ಒಂದೇ ಬುಟ್ಟಿಗೆ ಹಾಕುತ್ತಾರೆ, ಅದು ತಪ್ಪು. ಕೈಬಿಟ್ಟ ವಸ್ತು ಸಾಮಾನ್ಯವಾಗಿ ಅರೆಬರೆ ಇರುತ್ತದೆ: ಧ್ವನಿ ಇದ್ದರೆ ಅನಿಮೇಷನ್ ಇಲ್ಲ, ಮಾಡೆಲ್ ಇದ್ದರೆ ಟೆಕ್ಸ್ಚರ್ ಇಲ್ಲ. ಇಲ್ಲಿ ಮೈಗೆ ಬಟ್ಟೆ, ಹೊಡೆತ, ಧ್ವನಿ ಎಲ್ಲ ಸಿದ್ಧವಾಗಿತ್ತು, ಕೀಲಿಯನ್ನು ಮಾತ್ರ ಬೇರೆಯಾಗಿ ಮಾರಿದರು. ಡಿಸ್ಕ್‌ಗೆ ಪೂರ್ತಿ ಬೆಲೆ ಕೊಟ್ಟವನಿಗೆ ಸಿಟ್ಟು ಬರುವುದು ನ್ಯಾಯವೇ. ಜನ ಅಷ್ಟು ಗಲಾಟೆ ಮಾಡಿದ ಮೇಲೆ, ಮುಂದೆ ಈ ಪದ್ಧತಿಯನ್ನು ಮತ್ತೆ ಯೋಚಿಸುತ್ತೇವೆ ಅಂತ ಕ್ಯಾಪ್‌ಕಾಮ್ ಅದೇ ವರ್ಷ ಹೇಳಬೇಕಾಯಿತು. ಬಿಗ್‌ಫುಟ್ ಬಗ್ಗೆ ಬರುವಷ್ಟು ಪ್ರಶ್ನೆ ಇಂಥದ್ದರ ಬಗ್ಗೆ ಬಂದರೆ ಖುಷಿಯಿಂದ ಉತ್ತರ ಬರೆಯುತ್ತೇನೆ.