ಭಾಷಣ ಮುಗಿಯದಿದ್ದರೆ ನಿರೂಪಕರು ಏನು ಮಾಡಬೇಕು?

ಪ್ರಶ್ನೆ: ಆರತಕ್ಷತೆ, ಶಾಲಾ ವಾರ್ಷಿಕೋತ್ಸವಗಳ ನಿರೂಪಣೆ ಮಾಡಿ ಅಭ್ಯಾಸವಿದೆ. ಈಗ ಚಿಕ್ಕಮಗಳೂರಿನಲ್ಲಿ ಕಾಫಿ ಉದ್ಯಮದ ಸಮ್ಮೇಳನವೊಂದಕ್ಕೆ ಕರೆದಿದ್ದಾರೆ. ಯಾರಾದರೂ ಭಾಷಣ ಎಳೆದರೆ ನಿಲ್ಲಿಸುವುದು ಹೇಗೆ?

ಉತ್ತರ: ಆ ಕೆಲಸ ಹಿಂದಿನ ದಿನವೇ ಆಗಿರಬೇಕು. ಪ್ರತಿಯೊಬ್ಬರಿಗೂ ಫೋನ್ ಮಾಡಿ, "ಸರ್, ನಿಮಗೆ 15 ನಿಮಿಷ. 12ಕ್ಕೆ ಮುಂದಿನ ಸಾಲಿನಿಂದ ಹಳದಿ ಚೀಟಿ ತೋರಿಸುತ್ತೇವೆ, 15ಕ್ಕೆ ಕೆಂಪು" ಎಂದುಬಿಡಿ. ಮೊದಲೇ ಗೊತ್ತಿದ್ದರೆ ಚೀಟಿ ಕಂಡಾಗ ಬೇಜಾರಾಗುವುದಿಲ್ಲ. ಚೀಟಿ ಹಿಡಿಯುವವರು ಸಂಘಟಕರು, ನೀವಲ್ಲ.

ಅದಕ್ಕೂ ಬಗ್ಗದಿದ್ದರೆ ಎದ್ದು ಪೋಡಿಯಂ ಪಕ್ಕ ಹೋಗಿ ಸುಮ್ನೆ ನಿಲ್ಲಿ. ಎಷ್ಟೋ ಜನ ಅಷ್ಟಕ್ಕೇ ಮುಗಿಸುತ್ತಾರೆ. ಇಲ್ಲವಾದರೆ ಅವರ ಕೊನೆಯ ಮಾತನ್ನೇ ಹಿಡಿದು ಒಳಗೆ ಬನ್ನಿ: "ಕಾಂಡಕೊರಕ ಹುಳು ಹೊಕ್ಕ ಗಿಡ ಕಿತ್ತು ಸುಡಲೇಬೇಕು ಅಂದಿರಿ. ಊಟದ ಹೊತ್ತಿಗೆ ಬೆಳೆಗಾರರು ನಿಮ್ಮನ್ನು ಬಿಡುವುದಿಲ್ಲ ಸರ್!" ಹೀಗಂದು ಚಪ್ಪಾಳೆ ಕೇಳಿ. ಇದಕ್ಕೆ ನೀವು ಭಾಷಣವನ್ನು ನಿಜವಾಗಿ ಕೇಳುತ್ತಿರಬೇಕು. ಮುಂದಿನವರ ಪರಿಚಯ ಓದುತ್ತ ಕೂತರೆ ಆಗುವುದಿಲ್ಲ. ಮಂತ್ರಿ, ಶಾಸಕರ ಹತ್ತಿರ ಮಾತ್ರ ಈ ಉಪಾಯ ಬೇಡ. ಅವರ ಆಪ್ತ ಸಹಾಯಕರ ಕಿವಿಗೆ ಹಾಕಿ.

ನಿಜ ಹೇಳಬೇಕೆಂದರೆ, ಜಾಸ್ತಿ ಹೊತ್ತು ತಿನ್ನುವುದು ಎಷ್ಟೋ ಸಲ ನಿರೂಪಕರೇ. ಚಿಕ್ಕಮಗಳೂರಿನಲ್ಲಿ ನಿಂತು ಬಾಬಾಬುಡನ್ ಏಳು ಕಾಫಿ ಬೀಜ ತಂದ ಕತೆ ಹೇಳಬೇಡಿ, ಅಲ್ಲಿ ಕೂತವರಿಗೆ ಅದು ಅಜ್ಜನ ಕಾಲದಿಂದ ಗೊತ್ತು. ಅದರ ಬದಲು ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ್ದು), ಚೆರಿ (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು) ಬೇರೆ ಬೇರೆ ಎಂಬುದು, ದರ ಹೇಳುವುದು 50 ಕೆಜಿ ಮೂಟೆಗೆ ಎಂಬುದು ನಿಮಗೆ ಗೊತ್ತಿರಲಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಬಂದರೆ ಹೆಸರು, ಹುದ್ದೆ, ಈಗ ಮಾಡುತ್ತಿರುವ ಕೆಲಸ, ಇಷ್ಟು ಸಾಕು. ಸಂಸ್ಥೆ 1925ರಿಂದ ಇದೆ, ಅದನ್ನು ನೀವು ಪರಿಚಯಿಸಬೇಕಿಲ್ಲ. ವೇದಿಕೆಯಲ್ಲಿರುವ ಎಲ್ಲರ ಹೆಸರನ್ನೂ ಒಮ್ಮೆ ನೀವೇ ಹೇಳಿ, "ಇನ್ನು ಭಾಷಣಕಾರರು ನೇರ ವಿಷಯಕ್ಕೆ ಬರಬಹುದು" ಎನ್ನಿ. ಶಾಲು, ಹಾರ, ಸ್ಮರಣಿಕೆ ಒಂದೇ ಸಲ ಮುಗಿಯಲಿ.

ಇಷ್ಟು ಗಡಿಬಿಡಿ ಯಾಕೆ ಅಂದರೆ ಮೂಡಿಗೆರೆ, ಸಕಲೇಶಪುರ ಕಡೆಯವರು ಕತ್ತಲಾಗುವ ಮೊದಲು ತೋಟ ಸೇರಬೇಕು. ದಾರಿಯಲ್ಲಿ ಆನೆ ಕಾಟ. ಕೊನೆಯ ಗೋಷ್ಠಿ ಐದಕ್ಕೆ ಶುರುವಾದರೆ ಕೇಳಲು ಖಾಲಿ ಕುರ್ಚಿಗಳೇ ಗತಿ.

ಪ್ರಶ್ನೋತ್ತರದಲ್ಲಿ ಮೈಕನ್ನು ಸಭಿಕರ ಕೈಗೆ ಕೊಡಬೇಡಿ. ಸ್ವಯಂಸೇವಕರೇ ಹಿಡಿದಿರಲಿ. ಕೂಲಿಯಾಳಿನ ಕೊರತೆ, ಗೊಬ್ಬರದ ಬೆಲೆ, ಮಳೆ ಎಲ್ಲ ಒಂದೇ ಉಸಿರಿನಲ್ಲಿ ಬಂದರೆ ಅದರಲ್ಲಿ ಒಂದನ್ನು ಆರಿಸಿ ತಜ್ಞರಿಗೆ ದಾಟಿಸಿ.