ಪ ಕೇಳಿದರೆ ಮ ನುಡಿಸಿದ ತಂಬೂರಿ

ಬ್ರೌಸರ್‌ನಲ್ಲೇ ಒಂದು ತಂಬೂರಿ ಮಾಡೋಣ ಅಂತ ಕೂತೆ. ಫೋನಿನಲ್ಲಿ ತಂಬೂರಿ ಆ್ಯಪ್‌ಗಳಿಗೆ ಬರವಿಲ್ಲ, ನಿಜ. ನನಗೆ ಬೇಕಿದ್ದದ್ದು ಸದ್ದನ್ನು ಕೋಡ್‌ನಲ್ಲಿ ಬರೆಯುವುದು ಹೇಗೆ ಅಂತ ಕಲಿಯುವುದು.

ಬೇಕಾದ ಸಾಮಾನೆಲ್ಲ ಬ್ರೌಸರ್ ಒಳಗೇ ಇದೆ. ಹೆಸರು ವೆಬ್ ಆಡಿಯೋ ಎಪಿಐ. 2021ರಲ್ಲಿ ಅದು ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಅಧಿಕೃತ ಮಾನದಂಡವಾಯಿತು. ಜಾತ್ರೆಯ ಮೈಕ್‌ಸೆಟ್ ನೋಡಿದ್ದರೆ ಅರ್ಧ ಅರ್ಥವಾದಂತೆ. ಅಲ್ಲಿ ಮೈಕ್‌ನಿಂದ ಆಂಪ್ಲಿಫೈಯರ್‌ಗೆ, ಅಲ್ಲಿಂದ ಸ್ಪೀಕರ್‌ಗೆ ವೈರ್ ಎಳೆಯುತ್ತಾರೆ. ಇಲ್ಲಿ ಸ್ವರ ಹುಟ್ಟಿಸುವ ಆಸಿಲೇಟರ್‌ನಿಂದ ಸದ್ದು ಏರಿಸಿ ಇಳಿಸುವ ಗೇನ್‌ಗೆ, ಗೇನ್‌ನಿಂದ ಸ್ಪೀಕರ್‌ಗೆ. ವೈರಿನ ಜಾಗದಲ್ಲಿ ‘ಕನೆಕ್ಟ್’ ಅನ್ನುವ ಒಂದು ಪದ.

ಪುಟ ತೆರೆದ ಕೂಡಲೇ ಸದ್ದು ಬರಲಿಲ್ಲ. ಕೋಡ್ ತಪ್ಪಿರಲಿಲ್ಲ. ಓದುಗ ಎಲ್ಲಾದರೂ ಒತ್ತುವ ತನಕ ಬ್ರೌಸರ್ ಬಾಯಿ ಬಿಡುವುದಿಲ್ಲ. ಕಿರುಚುವ ಜಾಹೀರಾತುಗಳಿಗೆ ಹಾಕಿದ ಬೀಗ ಇದು. ಒಂದು ಬಟನ್ ಇಟ್ಟೆ.

ಆಸಿಲೇಟರ್‌ಗೆ ಮೊದಲು ಕೊಟ್ಟದ್ದು 261.6 ಹರ್ಟ್ಜ್, ಅಂದರೆ ಹಾರ್ಮೋನಿಯಂನವರ ಬಿಳಿ ಒಂದು. ಶ್ರುತಿ ಸರಿ, ಜೀವ ಇಲ್ಲ. ನಿಲ್ಲಿಸಿದಾಗ ‘ಟಪ್’ ಅನ್ನುವ ಸದ್ದು ಬೇರೆ. ಅಲೆಯನ್ನು ನಡುವೆ ಕತ್ತರಿಸಿದರೆ ಸ್ಪೀಕರ್‌ನ ಪರದೆ ಒಮ್ಮೆಲೇ ಜಿಗಿಯುತ್ತದೆ, ಅದೇ ಟಪ್. ಸೆಕೆಂಡಿನ ನೂರನೇ ಒಂದೆರಡು ಭಾಗದಲ್ಲಿ ಗೇನ್ ಇಳಿಸಿದರೆ ಸಾಕು, ಹೋಗುತ್ತದೆ.

ಮೀಟಿದ ತಂತಿಯ ಸದ್ದಿಗೆ 1983ರ ಒಂದು ಉಪಾಯವಿದೆ. ಕೆವಿನ್ ಕಾರ್‌ಪ್ಲಸ್, ಅಲೆಕ್ಸ್ ಸ್ಟ್ರಾಂಗ್ ಅನ್ನುವ ಇಬ್ಬರದು. ಒಂದು ಚಿಟಿಕೆ ಗದ್ದಲ ತೆಗೆದುಕೊಳ್ಳಿ, ರೇಡಿಯೋದ ‘ಶ್‌ಶ್’ ಥರದ್ದು. ಕಂಪ್ಯೂಟರಿಗೆ ಅದು ಬರೀ ಸಂಖ್ಯೆಗಳ ಸಾಲು. ಅದನ್ನು ಒಂದು ವರ್ತುಲದಲ್ಲಿ ಸುತ್ತಿಸಿ. ಪ್ರತಿ ಸುತ್ತಿಗೂ ಅಕ್ಕಪಕ್ಕದ ಎರಡು ಸಂಖ್ಯೆಗಳ ಸರಾಸರಿ ತೆಗೆಯಿರಿ, ಅಷ್ಟೇ. ಸದ್ದಿನೊಳಗೆ ಬೆರೆತಿರುವ ಚೂಪಾದ ಸ್ವರಾಂಶಗಳು ಮೊದಲು ಸಾಯುತ್ತವೆ, ಕೆಳಗಿನವು ಉಳಿಯುತ್ತವೆ. ನಿಜವಾದ ತಂತಿ ಮಾಡುವುದೂ ಅದನ್ನೇ ಅಲ್ವಾ? ವರ್ತುಲ ಎಷ್ಟು ಚಿಕ್ಕದೋ ಶ್ರುತಿ ಅಷ್ಟು ಮೇಲೆ. ಗದ್ದಲದೊಳಗಿಂದ ತಂತಿ ಮೂಡಿ ಬಂದಾಗ ನಾನಂತೂ ಹತ್ತು ಸಲ ಸುಮ್ನೆ ಮೀಟಿದೆ.

ಷಡ್ಜ ಬಂತು. ಮೇಲಿನ ಪಂಚಮಕ್ಕೆ ಹೋದೆ, 392 ಹರ್ಟ್ಜ್. ಕೇಳಿಸಿದ್ದು ಮಧ್ಯಮ! ಅದೂ ಸ್ವಲ್ಪ ಇಳಿದ ಮಧ್ಯಮ. ನನ್ನ ಕಿವಿಯನ್ನೇ ಅನುಮಾನಿಸಿದೆ.

ತಪ್ಪು ಕಿವಿಯದಲ್ಲ. ಬ್ರೌಸರ್ ಸದ್ದನ್ನು 128 ಮಾದರಿಗಳ (ಮಾದರಿ ಅಂದರೆ ಅಲೆಯ ಒಂದು ಕ್ಷಣದ ಅಳತೆ, ಸ್ಯಾಂಪಲ್) ಕಂತಿನಲ್ಲಿ ಲೆಕ್ಕ ಹಾಕುತ್ತದೆ. ಹಾಗಾಗಿ ಸುತ್ತಿ ಬರುವ ದಾರಿ ಒಂದು ಕಂತಿಗಿಂತ ಚಿಕ್ಕದಾಗಲು ಬಿಡುವುದಿಲ್ಲ. ನನ್ನ ಕಂಪ್ಯೂಟರಿನಲ್ಲಿ ಸೆಕೆಂಡಿಗೆ 44,100 ಮಾದರಿಗಳು. 128ರಿಂದ ಭಾಗಿಸಿದರೆ ಸುಮಾರು 344 ಹರ್ಟ್ಜ್, ಶ್ರುತಿ ಅದಕ್ಕಿಂತ ಮೇಲೆ ಹೋಗದು. ಬಿಳಿ ಒಂದರ ಶುದ್ಧ ಮಧ್ಯಮ 349ರ ಹತ್ತಿರ. ಪ ಅಲ್ಲಿಗೇ ಬಂದು ಸಿಕ್ಕಿಕೊಂಡಿತ್ತು! ದಾರಿ ಎರಡು: ತಂಬೂರಿಯನ್ನು ಗಂಡಸರ ಶ್ರುತಿಗೆ ಇಳಿಸುವುದು, ಇಲ್ಲವೇ ಆಡಿಯೋ ವರ್ಕ್‌ಲೆಟ್ ಬಳಸಿ ಒಂದೊಂದು ಮಾದರಿಯನ್ನೂ ನಾವೇ ಲೆಕ್ಕ ಹಾಕುವುದು. ಎರಡನೆಯದಕ್ಕೆ ಕೆಲಸ ಜಾಸ್ತಿ, ಆದರೆ ಕಲಿಕೆಯೂ ಅಲ್ಲೇ.

ಮೀಟುವ ಹೊತ್ತನ್ನು ಮಾತ್ರ ಜಾವಾಸ್ಕ್ರಿಪ್ಟ್‌ನ ಮಾಮೂಲಿ ಟೈಮರ್‌ಗೆ ಬಿಡಬೇಡಿ. ಬೇರೆ ಟ್ಯಾಬ್‌ಗೆ ಹೋದರೆ ಅದು ತೂಕಡಿಸುತ್ತದೆ. ಆಡಿಯೋಗೆ ತನ್ನದೇ ಗಡಿಯಾರವಿದೆ, ಮುಂದಿನ ಕೆಲವು ಮೀಟುಗಳನ್ನು ಮೊದಲೇ ಅದಕ್ಕೆ ಒಪ್ಪಿಸಿಡಬೇಕು.

ಈಗ ನಾಲ್ಕೂ ತಂತಿ ಮೀಟುತ್ತವೆ. ಆದರೂ ಗಿಟಾರ್ ವಾಸನೆ ಹೋಗಿಲ್ಲ. ತಂಬೂರಿಯ ಅಗಲ ಕುದುರೆಯ (ತಂತಿಗಳನ್ನು ಹೊರುವ ಪಟ್ಟಿ) ಮೇಲೆ ತಂತಿಯಡಿ ಒಂದು ದಾರ ಸಿಕ್ಕಿಸುತ್ತಾರಲ್ಲ, ಗುಟ್ಟು ಅಲ್ಲಿದೆ. ಮೀಟಿದ ಜಾಗದಿಂದಾಗಿ ಹುಟ್ಟಲೇಬಾರದ ಸ್ವರಾಂಶಗಳೂ ತಂಬೂರಿಯಲ್ಲಿ ಕೇಳುತ್ತವೆ ಅಂತ ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದರು. ಆ ದಾರವನ್ನು ಕೋಡ್‌ನಲ್ಲಿ ಎಲ್ಲಿ ಸಿಕ್ಕಿಸುವುದು ಅಂತ ಈ ವಾರವೆಲ್ಲ ತಿಣುಕುತ್ತಿದ್ದೇನೆ.